ತೋಟಾ ಆಯ್ಕೆ: ರೈಫಲ್ ಕಟ್ಟುವ ಕಲಿಕೆಯ ಮೊದಲ ಪ್ರಶ್ನೆ

ಗುಂಡು, ಮದ್ದು, ಕೇಪು ಈ ಮೂರನ್ನೂ ಒಂದೇ ಹಿತ್ತಾಳೆ ಕೇಸಿನಲ್ಲಿ ಕೂಡಿಸಿಟ್ಟ ಸಿದ್ಧ ಈಡಿಗೆ ತೋಟಾ ಎನ್ನುತ್ತಾರೆ. ಅಂಗಡಿಯಲ್ಲಿ ರೈಫಲ್ ಕೊಳ್ಳುವವರು ಕೋವಿ ನೋಡಿಕೊಂಡು ಅದಕ್ಕೆ ತಕ್ಕ ತೋಟಾ ಕೇಳುತ್ತಾರೆ. ಒಬ್ಬರ ಅಗತ್ಯಕ್ಕೆಂದೇ ಕಟ್ಟುವ ರೈಫಲ್ಲಿನಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ: ತೋಟಾ ಗೊತ್ತಾಗುವವರೆಗೆ ಯಾವ ಆ್ಯಕ್ಷನ್ (ತೋಟಾವನ್ನು ಒಳಗೆ ಕೂರಿಸಿ, ಬಿಗಿದು, ಹಾರಿಸಿದ ಮೇಲೆ ಹೊರಗೆಳೆಯುವ ಭಾಗ) ಬೇಕು, ನಳಿಗೆ ಎಷ್ಟು ದಪ್ಪವಿರಬೇಕು, ಅದರೊಳಗಿನ ಗೀರು ಎಷ್ಟು ಬಿಗಿಯಾಗಿ ತಿರುಗಬೇಕು, ಮ್ಯಾಗಜಿನ್ ಎಷ್ಟು ಉದ್ದವಿರಬೇಕು ಎಂಬ ಯಾವುದನ್ನೂ ಹೇಳಲಾಗದು. ಹಾಗಾಗಿ ಕೋವಿ ಕೆಲಸ ಕಲಿಸುವ ಕಡೆಗಳಲ್ಲೆಲ್ಲ ತೋಟಾದ ಪಾಠ ಬೇಗನೆ ಬರುತ್ತದೆ. ಆಸ್ಟ್ರಿಯದ ಫೆರ್ಲಾಖ್ ಪಟ್ಟಣದಲ್ಲಿ 1878ರಿಂದ ಇಂಥ ಶಾಲೆಯಿದೆ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯದ ಲಾಸನ್ ಕಾಲೇಜು 1945ರಲ್ಲಿ, ಕೊಲರಾಡೋದ ಟ್ರಿನಿಡಾಡ್ ಸ್ಟೇಟ್ ಕಾಲೇಜು 1947ರಲ್ಲಿ ಈ ಕಸುಬಿನ ತರಗತಿ ತೆರೆದವು. ಎರಡನೆಯ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಸರ್ಕಾರಿ ಖರ್ಚಿನಲ್ಲಿ ಓದುವ ಅವಕಾಶ ಸಿಕ್ಕಿದ್ದು ಈ ತರಗತಿಗಳಿಗೆ ಬಲ ಕೊಟ್ಟಿತು. ಸೈನ್ಯದಲ್ಲಿ ಮಿಕ್ಕ ಮೌಸರ್, ಸ್ಪ್ರಿಂಗ್‌ಫೀಲ್ಡ್ ರೈಫಲ್ಲುಗಳು ಅಗ್ಗಕ್ಕೆ ಮಾರಾಟವಾಗುತ್ತಿದ್ದ ಕಾಲ ಅದು; ಹಳೆಯ ಆ್ಯಕ್ಷನ್ನಿಗೆ ಹೊಸ ನಳಿಗೆ ಕೂರಿಸುವುದೇ ಅಂದಿನ ದೊಡ್ಡ ಪಾಠವಾಗಿತ್ತು.

ಹೊಸಬರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ "ಯಾವುದು ಹೆಚ್ಚು ಬಲವಾದದ್ದು" ಎಂಬುದು. ಆದರೆ ತೋಟಾದ ಬಲಕ್ಕಿಂತ ಮೊದಲು ನೋಡಬೇಕಾದ ಸಂಗತಿಗಳು ನಾಲ್ಕೈದಿವೆ. ಅವುಗಳನ್ನು ಸರಿಯಾಗಿ ತೂಗಿದವರು ಕೊನೆಗೆ ತೀರ ಸಾಧಾರಣ ತೋಟಾವೊಂದಕ್ಕೆ ಬಂದು ನಿಲ್ಲುವುದೇ ಹೆಚ್ಚು. ಕಲಿಯುವವರಿಗೆ ಅದೇ ಒಳ್ಳೆಯದೆಂದು ಈ ಲೇಖನದ ಅಭಿಪ್ರಾಯ.

ಹಿತ್ತಾಳೆಯ ಕೆಲಸ

ತೋಟಾದ ಕೇಸು ಸುಮಾರು 70 ಪಾಲು ತಾಮ್ರ, 30 ಪಾಲು ಸತುವಿನ ಹಿತ್ತಾಳೆ. ಕೇಪು ಸಿಡಿದು ಮದ್ದು ಹೊತ್ತಿಕೊಂಡಾಗ ಒಳಗಿನ ಒತ್ತಡಕ್ಕೆ ಕೇಸು ಹಿಗ್ಗಿ, ತಾನು ಕೂತಿರುವ ನಳಿಗೆಯ ಹಿಂಬದಿಯ ಗೂಡಾದ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ, ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ಮುಚ್ಚುತ್ತದೆ. ಗುಂಡು ನಳಿಗೆ ಬಿಟ್ಟು ಒತ್ತಡ ಇಳಿದೊಡನೆ ಕೂದಲೆಳೆಯಷ್ಟು ಕುಗ್ಗಿ ಸಡಿಲವಾಗುತ್ತದೆ. ಹೀಗೆ ಹಿಗ್ಗಿ ಕುಗ್ಗುವ ಗುಣವಿಲ್ಲದಿದ್ದರೆ ಖಾಲಿ ತೋಟಾ ಚೇಂಬರಿನಲ್ಲೇ ಕಚ್ಚಿಕೊಂಡು ಕೂರುತ್ತಿತ್ತು. ಆದರೆ ಕೇಸಿನ ತಳ ದಪ್ಪವಾಗಿರುತ್ತದೆ, ಅದು ಹೆಚ್ಚು ಹಿಗ್ಗಲಾರದು, ಮತ್ತು ಅದಕ್ಕೆ ಬೆನ್ನು ಕೊಟ್ಟು ನಿಲ್ಲುವುದು ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಮುಖ. ರೈಫಲ್ಲಿನ ಸುರಕ್ಷತೆಯೆಲ್ಲ ಈ ಒಂದು ಜಾಗದಲ್ಲಿ ನಿರ್ಧಾರವಾಗುತ್ತದೆ.

ಕಪ್ಪು ಮದ್ದಿನ ಕಾಲದಲ್ಲಿ ಒತ್ತಡ ಕಡಿಮೆಯಿತ್ತು; ಹೆಚ್ಚು ಬಲ ಬೇಕೆಂದರೆ ಗುಂಡನ್ನೇ ದಪ್ಪ ಮಾಡುತ್ತಿದ್ದರು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದರು. ಎರಡೇ ವರ್ಷದಲ್ಲಿ, 1886ರಲ್ಲಿ, ಅದನ್ನು ಬಳಸುವ 8 ಮಿಲಿಮೀಟರಿನ ಲೆಬೆಲ್ ರೈಫಲ್ ಫ್ರೆಂಚ್ ಸೈನ್ಯದ ಕೈಗೆ ಬಂತು. ಗುಂಡು ಸಣ್ಣದಾಯಿತು, ವೇಗ ಹೆಚ್ಚಿತು, ಒತ್ತಡ ಬಹಳಷ್ಟು ಏರಿತು. ಇಂದು ಬಳಕೆಯಲ್ಲಿರುವ ರೈಫಲ್ ತೋಟಾಗಳಲ್ಲಿ ಬಹುಪಾಲು ಆ ಮುಂದಿನ ಮೂವತ್ತು ವರ್ಷಗಳಲ್ಲಿ ಹುಟ್ಟಿದವು, ಇಲ್ಲವೇ ಆಗ ಹುಟ್ಟಿದವುಗಳ ಮಕ್ಕಳು ಮೊಮ್ಮಕ್ಕಳು.

ಹೆಸರುಗಳಲ್ಲಿ ಏಕರೂಪತೆಯಿಲ್ಲ. .30-06 ಎಂಬಲ್ಲಿ 06 ಎಂದರೆ ಅಮೆರಿಕದ ಸೈನ್ಯ ಅದನ್ನು ಒಪ್ಪಿದ 1906ನೇ ಇಸವಿ. .45-70ರಲ್ಲಿ 70 ಎಂದರೆ ಕಪ್ಪು ಮದ್ದಿನ ತೂಕ, ಗ್ರೇನ್‌ಗಳಲ್ಲಿ. .250-3000ದಲ್ಲಿ 3000 ಎಂದರೆ ಸೆಕೆಂಡಿಗೆ ಅಡಿಗಳಲ್ಲಿ ಗುಂಡಿನ ವೇಗ. ಯುರೋಪಿನವರು 7×57 ಎಂದು ಬರೆದಾಗ ಮೊದಲನೆಯದು ಕ್ಯಾಲಿಬರ್, ಎರಡನೆಯದು ಕೇಸಿನ ಉದ್ದ, ಎರಡೂ ಮಿಲಿಮೀಟರ್‌ನಲ್ಲಿ. .270 ವಿಂಚೆಸ್ಟರಿನ ಗುಂಡಿನ ನಿಜವಾದ ವ್ಯಾಸ .277 ಇಂಚು. ಜರ್ಮನ್ 8 ಮಿಲಿಮೀಟರಿನಲ್ಲಿ ಮೊದಲು .318 ಇಂಚಿನ ಗುಂಡಿತ್ತು, 1905ರಲ್ಲಿ ಅದು .323 ಆಯಿತು, ಹಳೆಯ ನಳಿಗೆಗೆ ಹೊಸ ಗುಂಡು ಹಾಕಿದರೆ ಅಪಾಯ. ಹಾಗಾಗಿ ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬದೆ ಅಳತೆಯ ನಕ್ಷೆಯನ್ನೇ ನೋಡುವ ಅಭ್ಯಾಸ ಈ ಕಸುಬಿನಲ್ಲಿದೆ. ಆ ನಕ್ಷೆಗಳನ್ನು ಪ್ರಕಟಿಸುವವರು ಅಮೆರಿಕದಲ್ಲಿ 1926ರಲ್ಲಿ ಆರಂಭವಾದ ಸಾಮಿ ಸಂಸ್ಥೆಯವರು, ಯುರೋಪಿನಲ್ಲಿ ಸಿಐಪಿಯವರು.

ತಳದ ವ್ಯಾಸ ಹೇಳುವ ಕುಲ

ತೋಟಾವನ್ನು ಕೈಯಲ್ಲಿ ಹಿಡಿದು ತಳ ನೋಡಿದರೆ ಅದರ ಕುಲ ತಿಳಿಯುತ್ತದೆ. .223 ರೆಮಿಂಗ್ಟನ್ನಿನ ತಳ 0.378 ಇಂಚು. 7×57, 8×57, .30-06, .308 ಇವೆಲ್ಲಕ್ಕೂ 0.473 ಇಂಚು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೌಸರ್ ತೋಟಾಗಳಿಗೆ ಬಂದ ಅಳತೆ ಇವತ್ತಿಗೂ ಆಳುತ್ತಿದೆ. 1912ರಲ್ಲಿ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ತಂದ .375 ಮ್ಯಾಗ್ನಮ್ಮಿನ ತಳ 0.532 ಇಂಚು, ಅದಕ್ಕೊಂದು ಪಟ್ಟಿಯೂ ಉಂಟು. .458, .338, .300 ವಿಂಚೆಸ್ಟರ್ ಮ್ಯಾಗ್ನಮ್‌ಗಳು, 1962ರ 7 ಮಿಲಿಮೀಟರ್ ರೆಮಿಂಗ್ಟನ್ ಮ್ಯಾಗ್ನಮ್ ಎಲ್ಲವೂ ಆ ಕುಲದವು.

ಬೋಲ್ಟಿನ ಮುಖವನ್ನು ಕೊರೆದಿರುವುದು ಈ ತಳದ ಅಳತೆಗೆ. ಆದ್ದರಿಂದ .30-06ಕ್ಕೆಂದು ಮಾಡಿದ ಆ್ಯಕ್ಷನ್ನಿನಲ್ಲಿ ಅದೇ ಕುಲದ .270 (1925), .280 ರೆಮಿಂಗ್ಟನ್ (1957), .25-06, .35 ವೀಲನ್ ಯಾವುದಕ್ಕೆ ಬೇಕಾದರೂ ನಳಿಗೆ ಬದಲಿಸಿ ಹೊಂದಿಸಬಹುದು, ಬೋಲ್ಟ್ ಮುಟ್ಟಬೇಕಿಲ್ಲ. ಅಲ್ಲಿಂದ ಮ್ಯಾಗ್ನಮ್ಮಿಗೆ ಹಾರಲು ಹೊರಟರೆ ಬೋಲ್ಟಿನ ಮುಖ, ಖಾಲಿ ಕೇಸನ್ನು ಹೊರಗೆಳೆಯುವ ಎಕ್ಸ್‌ಟ್ರ್ಯಾಕ್ಟರು, ಮ್ಯಾಗಜಿನ್ನಿನ ಬಾಯಿ ಎಲ್ಲ ಬದಲಾಗಬೇಕು. ಜೊತೆಗೆ ಬೋಲ್ಟಿನ ಮೇಲೆ ಬೀಳುವ ಭಾರವೂ ಏರುತ್ತದೆ. ಲೆಕ್ಕಕ್ಕೆ ತಳದ ಹೊರ ವ್ಯಾಸವನ್ನೇ ಹಿಡಿಯೋಣ: .308ಕ್ಕೆ ಸಾಮಿ ಹಾಕಿದ ಮಿತಿ ಚದರ ಇಂಚಿಗೆ 62,000 ಪೌಂಡ್, ಅಂದರೆ ಬೋಲ್ಟಿನ ಮೇಲೆ ಹೆಚ್ಚೆಂದರೆ ಸುಮಾರು 4,900 ಕಿಲೊ. .300 ವಿಂಚೆಸ್ಟರ್ ಮ್ಯಾಗ್ನಮ್ಮಿಗೆ ಮಿತಿ 64,000. ಒತ್ತಡ ಹೆಚ್ಚೇನೂ ಬೇರೆಯಲ್ಲ, ಆದರೆ ತಳ ಅಗಲವಾದ್ದರಿಂದ ಭಾರ 6,400 ಕಿಲೊ ದಾಟುತ್ತದೆ. ಕೇಸು ಚೇಂಬರಿಗೆ ಒತ್ತಿಕೊಂಡು ಈ ಭಾರದಲ್ಲಿ ಒಂದಿಷ್ಟನ್ನು ಹೊರುತ್ತದೆ ನಿಜ, ಆದರೆ ಎಣ್ಣೆ ಬಿದ್ದ ಚೇಂಬರಿನಲ್ಲಿ ಆ ಸಹಾಯವನ್ನು ನೆಚ್ಚಲಾಗದು.

ಉದ್ದದ ಇಕ್ಕಟ್ಟು

ಕುಲ ಗೊತ್ತಾದ ಮೇಲೆ ಉದ್ದ. .308ರ ಪೂರ್ಣ ಉದ್ದದ ಮಿತಿ 2.810 ಇಂಚು, .30-06ರದು 3.340. ಮೊದಲನೆಯದು ಗಿಡ್ಡ ಆ್ಯಕ್ಷನ್ನಿಗೆ, ಎರಡನೆಯದು ಉದ್ದದ್ದಕ್ಕೆ. 7×57 ಮತ್ತು 6.5×55 ಇವೆರಡರ ನಡುವೆ ಬೀಳುತ್ತವೆ. ಅವುಗಳನ್ನು ಉದ್ದದ ಆ್ಯಕ್ಷನ್ನಿನಲ್ಲಿ ಕಟ್ಟುವುದೇ ವಾಡಿಕೆ, ಹಳೆಯ ಮೌಸರ್ ಸಿಕ್ಕರಂತೂ ಇನ್ನೂ ಚೆನ್ನ.

ಮ್ಯಾಗಜಿನ್ನಿನ ಉದ್ದ ಒಂದು ತೋಟಾದ ಹಣೆಬರಹವನ್ನೇ ಬರೆದದ್ದಕ್ಕೆ .260 ರೆಮಿಂಗ್ಟನ್ ಮತ್ತು 6.5 ಕ್ರೀಡ್‌ಮೂರ್ ಒಳ್ಳೆಯ ಜೋಡಿ. 1997ರಲ್ಲಿ ಬಂದ .260, .308ರ ಗುಂಡು ಹಿಡಿಯುವ ಕತ್ತನ್ನು 6.5 ಮಿಲಿಮೀಟರಿಗೆ ಕಿರಿದಾಗಿಸಿದ ತೋಟಾ; ಕೇಸು 2.035 ಇಂಚು ಉದ್ದ. ದೂರದ ಗುರಿಗೆ ಬಳಸುವ ಉದ್ದ, ಚೂಪು ಗುಂಡನ್ನು ಇದಕ್ಕೆ ಕೂರಿಸಿದರೆ ಮ್ಯಾಗಜಿನ್ನಿಗೆ ಹಿಡಿಸುವುದಿಲ್ಲ. ಹಿಡಿಸಲೆಂದು ಗುಂಡನ್ನು ಒಳಕ್ಕೆ ತಳ್ಳಿದರೆ ಅದರ ಬಾಲ ಮದ್ದಿನ ಜಾಗ ತಿನ್ನುತ್ತದೆ, ಮೂತಿಯ ಬಾಗು ಕತ್ತಿನೊಳಗೆ ಇಳಿಯುತ್ತದೆ. ಹತ್ತು ವರ್ಷಗಳ ಬಳಿಕ ಹಾರ್ನಡಿ ಕಂಪನಿಯವರು ಕ್ರೀಡ್‌ಮೂರ್ ರೂಪಿಸುವಾಗ ಕೇಸನ್ನು 1.920 ಇಂಚಿಗೆ ಇಳಿಸಿ, ಕೇಸು ಕತ್ತಿನತ್ತ ಕಿರಿದಾಗುವ ಭುಜವನ್ನು 30 ಡಿಗ್ರಿಗೆ ಕಡಿದಾಗಿಸಿದರು. ಮದ್ದು ಸ್ವಲ್ಪ ಕಡಿಮೆಯಾಯಿತು, ಆದರೆ ಉದ್ದದ ಗುಂಡು ಗಿಡ್ಡ ಮ್ಯಾಗಜಿನ್ನಿನಲ್ಲಿ ಸಲೀಸಾಗಿ ಕೂತಿತು. ಎರಡರ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೂ ಇವತ್ತು ಅಮೆರಿಕದ ಯಾವ ಅಂಗಡಿಗೆ ಹೋದರೂ ಸಿಗುವುದು ಕ್ರೀಡ್‌ಮೂರ್. ಅರ್ಧ ಇಂಚಿಗಿಂತ ಕಡಿಮೆ ಜಾಗದಲ್ಲಿ ನಡೆದ ಈ ಹೊಂದಾಣಿಕೆಯನ್ನು ಅರಿತವರಿಗೆ ತೋಟಾದ ವಿನ್ಯಾಸ ಅರ್ಧ ಅರ್ಥವಾದಂತೆ.

ಹಳೆಯ ಉಕ್ಕಿನ ಮಿತಿ

1893ರ ಸ್ಪ್ಯಾನಿಷ್ ಮೌಸರ್, 1896ರ ಸ್ವೀಡಿಷ್ ಮೌಸರ್ ಬೋಲ್ಟುಗಳಿಗೆ ಮುಂದೆ ಬೀಗದಂತೆ ಕಚ್ಚಿಕೊಳ್ಳುವ ಎರಡು ಕಿವಿಗಳಿವೆ. 1898ರ ಮಾದರಿಯಲ್ಲಿ ಹಿಂಬದಿಗೆ ಮೂರನೆಯದೊಂದು ಕಾವಲು ಕಿವಿ ಸೇರಿತು, ಸಿಡಿದ ಅನಿಲವನ್ನು ಪಕ್ಕಕ್ಕೆ ತಿರುಗಿಸುವ ವ್ಯವಸ್ಥೆಯೂ ಬಂತು. ಹಳೆಯವು ಇನ್ನೂ ಜನರ ಕೈಯಲ್ಲಿರುವುದರಿಂದ ಸಾಮಿ ಸಂಸ್ಥೆ 7×57 ಮತ್ತು 6.5×55 ಎರಡಕ್ಕೂ 51,000 ಪೌಂಡಿನ ತಗ್ಗಿದ ಮಿತಿ ಇಟ್ಟಿದೆ. ಅದೇ ತೋಟಾ ಹೊಸ ಆ್ಯಕ್ಷನ್ನಿನಲ್ಲಿ ಇನ್ನೂ ಹೆಚ್ಚು ತಾಳಬಲ್ಲುದು. ಆದರೆ ಪೆಟ್ಟಿಗೆಯಲ್ಲಿ ಬರುವ ತೋಟಾಕ್ಕೆ ತಾನು ಯಾವ ಕೋವಿ ಸೇರುತ್ತೇನೆಂಬುದು ಗೊತ್ತಿರುವುದಿಲ್ಲ.

ವಿನ್ಯಾಸ ಸರಿಯಿದ್ದೂ ಉಕ್ಕು ಕೈಕೊಟ್ಟದ್ದಕ್ಕೆ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ ಸಾಕ್ಷಿ. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಕೆಲವು ರೈಫಲ್ಲುಗಳಲ್ಲಿ ಬೋಲ್ಟ್ ಕೂರುವ ಮೈಯಾದ ರಿಸೀವರುಗಳು ಗಾಜಿನಂತೆ ಚೂರಾದವು. ವಿಚಾರಿಸಿದಾಗ ತಿಳಿದದ್ದು: ಕುಲುಮೆಯಲ್ಲಿ ಉಕ್ಕಿನ ಕಾವನ್ನು ಕೆಲಸಗಾರರು ಅದರ ಬಣ್ಣ ನೋಡಿ ಅಂದಾಜು ಮಾಡುತ್ತಿದ್ದರು. ಬಿಸಿಲು ಜೋರಾದ ದಿನ ಕೆಂಪು ಮಂಕಾಗಿ ಕಾಣುತ್ತದೆ, ಮೋಡದ ದಿನ ಉಜ್ವಲವಾಗಿ ಕಾಣುತ್ತದೆ. ಬಿಸಿಲಿನ ದಿನ ಉಕ್ಕು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಕಾಯ್ದು ಸುಟ್ಟುಹೋಗುತ್ತಿತ್ತು. ಅನುಭವಿಗಳ ಕಣ್ಣು ಸುಳ್ಳು ಹೇಳಿರಲಿಲ್ಲ, ಬೆಳಕು ಬದಲಾಗಿತ್ತು. ಆಮೇಲೆ ಉಷ್ಣಮಾಪಕ ಬಂತು, ಕಾಯಿಸುವ ಕ್ರಮವೂ ಬದಲಾಯಿತು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನ ಸಂಖ್ಯೆಯ ರಿಸೀವರುಗಳನ್ನು, ರಾಕ್ ಐಲೆಂಡಿನ 2,85,507ಕ್ಕಿಂತ ಕೆಳಗಿನವನ್ನು ಗನ್‌ಸ್ಮಿತ್‌ಗಳು ಇಂದಿಗೂ ಕಟ್ಟಲು ಒಪ್ಪುವುದಿಲ್ಲ. ಅಮೆರಿಕದ ಸೇನಾಧಿಕಾರಿ ಜೂಲಿಯನ್ ಹ್ಯಾಚರ್ ಈ ಅಪಘಾತಗಳನ್ನು ಒಂದೊಂದಾಗಿ ದಾಖಲಿಸಿಟ್ಟರು. ಹಳೆಯ ಆ್ಯಕ್ಷನ್ ತಂದು ಜೋರಿನ ತೋಟಾಕ್ಕೆ ಕಟ್ಟಿಕೊಡಿ ಎನ್ನುವ ಗಿರಾಕಿಗೆ ಆಗದು ಎನ್ನಲು ಆ ದಾಖಲೆ ಬಲ ಕೊಡುತ್ತದೆ.

ಹೆಡ್‌ಸ್ಪೇಸ್

ಚೇಂಬರಿನಲ್ಲಿ ತೋಟಾ ಮುಂದಕ್ಕೆ ಹೋಗದಂತೆ ಎಲ್ಲಿಯೋ ಒಂದು ಕಡೆ ತಡೆ ಬೇಕು. ಆ ತಡೆಯಿಂದ ಬೋಲ್ಟಿನ ಮುಖದವರೆಗಿನ ದೂರ ಹೆಡ್‌ಸ್ಪೇಸ್. .303, .30-30 ತೋಟಾಗಳಲ್ಲಿ ತಳದ ಅಂಚು ತಡೆಯುತ್ತದೆ, .375ರಲ್ಲಿ ಪಟ್ಟಿ, .308ರಲ್ಲಿ ಭುಜ. ಇದನ್ನು ನೋಡಲು ಉಕ್ಕಿನ ಎರಡು ಗೇಜುಗಳಿವೆ: ಒಂದರ ಮೇಲೆ ಬೋಲ್ಟ್ ಮುಚ್ಚಬೇಕು, ಇನ್ನೊಂದರ ಮೇಲೆ ಮುಚ್ಚಬಾರದು. .308ಕ್ಕೆ ಮೊದಲನೆಯದು 1.630 ಇಂಚು, ಎರಡನೆಯದು 1.634. ನಡುವಿನ ಅಂತರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಜಾಗ ಹೆಚ್ಚಾದರೆ ಕೇಸಿನ ಮುಂಭಾಗ ಗೋಡೆ ಹಿಡಿದು ನಿಲ್ಲುತ್ತದೆ, ತಳ ಹಿಂದಕ್ಕೆ ಎಳೆಯುತ್ತದೆ, ತಳದ ಮೇಲ್ಗಡೆ ಸುತ್ತಲೂ ಒಂದು ಹೊಳೆಯುವ ಗೆರೆ ಮೂಡುತ್ತದೆ. ಆ ಗೆರೆ ಕಂಡ ಹಿತ್ತಾಳೆ ಮುಂದಿನ ಸಲ ಎರಡಾಗಿ ಹರಿದರೆ ಆಶ್ಚರ್ಯವಿಲ್ಲ.

ಸಾಧಾರಣ ತೋಟಾದ ಬೆಲೆ ತಿಳಿಯುವುದು ಇಲ್ಲಿಯೇ. .308, .30-06, .223, .243 ಇವುಗಳ ಗೇಜು, ಚೇಂಬರ್ ಕೊರೆಯುವ ರೀಮರ್, ಪ್ರಕಟಿತ ಅಳತೆ, ಕಾರ್ಖಾನೆಯ ತೋಟಾ ಎಲ್ಲವೂ ಸುಲಭವಾಗಿ ದೊರೆಯುತ್ತವೆ. ಕಲಿಯುವವರ ಕೆಲಸದಲ್ಲಿ ಏನಾದರೂ ಎಡವಟ್ಟಾದರೆ ತಪ್ಪು ಕೈಯದೋ ತೋಟಾದ್ದೋ ಎಂಬ ಗೊಂದಲವಿರುವುದಿಲ್ಲ. ಅಪರೂಪದ ತೋಟಾದಲ್ಲಿ ಆ ನಿಶ್ಚಯ ಸಿಗದು. ರೀಮರ್ ಬಾಡಿಗೆಗೂ ಸಿಗದೆ, ಹೊಸದು ಮಾಡಿಸಲು ತಿಂಗಳುಗಟ್ಟಲೆ ಕಾಯಬೇಕಾದೀತು.

ತಿರುವು

ನಳಿಗೆಯೊಳಗಿನ ಗೀರು ಎಷ್ಟು ಇಂಚಿಗೆ ಒಂದು ಸುತ್ತು ತಿರುಗುತ್ತದೆ ಎಂಬುದು ತಿರುವು. ಗುಂಡಿನ ತೂಕಕ್ಕಿಂತ ಅದರ ಉದ್ದ ಮುಖ್ಯ; ಉದ್ದ ಹೆಚ್ಚಿದಷ್ಟೂ ತಿರುವು ಬಿಗಿಯಾಗಬೇಕು. ಇದಕ್ಕೆ ಸರಳ ಸೂತ್ರವನ್ನು ಇಂಗ್ಲೆಂಡಿನ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ 1879ರಲ್ಲೇ ಕೊಟ್ಟಿದ್ದರು. ಆದರೂ ದೊಡ್ಡ ಕಂಪನಿಗಳೇ ಇದರಲ್ಲಿ ಮುಗ್ಗರಿಸಿವೆ. 1955ರಲ್ಲಿ ವಿಂಚೆಸ್ಟರ್ .243 ತಂದಿತು, ರೆಮಿಂಗ್ಟನ್ .244 ತಂದಿತು. ಎರಡೂ 6 ಮಿಲಿಮೀಟರ್, ಮೊದಲನೆಯದು .308ರ ಮಗು, ಎರಡನೆಯದು 7×57ರ ಮಗು, ಕೇಸು ತುಸು ದೊಡ್ಡದೇ. ರೆಮಿಂಗ್ಟನ್ನಿನವರು ಸಣ್ಣ ಪ್ರಾಣಿಗಳ ಬೇಟೆಗೆ ಹಗುರ ಗುಂಡು ಸಾಕೆಂದು 12 ಇಂಚಿಗೆ ಒಂದು ಸುತ್ತು ಕೊಟ್ಟರು. ವಿಂಚೆಸ್ಟರಿನವರು 10 ಇಂಚಿಗೆ ಒಂದು ಕೊಟ್ಟು 100 ಗ್ರೇನಿನ ಗುಂಡನ್ನೂ ಮಾರಿದರು. ಒಂದೇ ರೈಫಲ್ಲಿನಲ್ಲಿ ಜಿಂಕೆಯನ್ನೂ ಹೊಡೆಯಬೇಕೆಂದಿದ್ದ ಗಿರಾಕಿ .243ರ ಕಡೆ ನಡೆದ. 1963ರಲ್ಲಿ ರೆಮಿಂಗ್ಟನ್ 9 ಇಂಚಿನ ತಿರುವು ಕೊಟ್ಟು 6 ಎಂಎಂ ರೆಮಿಂಗ್ಟನ್ ಎಂದು ಮರುನಾಮಕರಣ ಮಾಡಿತು. ಅಷ್ಟರಲ್ಲಿ ಮಾರುಕಟ್ಟೆ ಕೈಬಿಟ್ಟಿತ್ತು. ಕಾರ್ಖಾನೆಗಿಂತ ಕಟ್ಟುವವರಿಗೆ ಒಂದು ಅನುಕೂಲವಿದೆ. ಯಾವ ಗುಂಡು ಹಾರಿಸುತ್ತೇವೆಂದು ಮೊದಲೇ ನಿರ್ಧರಿಸಿ ಅದಕ್ಕೆ ತಕ್ಕ ತಿರುವಿನ ನಳಿಗೆಯನ್ನೇ ಅವರು ತರಿಸಬಹುದು.

ನಳಿಗೆಯ ಆಯಸ್ಸೂ ತೋಟಾಕ್ಕೆ ಅಂಟಿದ ಮಾತು. ಸಣ್ಣ ತೂತಿನ ಮೂಲಕ ಹೆಚ್ಚು ಮದ್ದು ಉರಿದು ಹೊರಬಿದ್ದಷ್ಟೂ ಗೀರು ಶುರುವಾಗುವ ಜಾಗ ಬೇಗ ಸವೆಯುತ್ತದೆ. 1935ರಲ್ಲಿ ಬಂದ .220 ಸ್ವಿಫ್ಟ್ 48 ಗ್ರೇನಿನ ಗುಂಡನ್ನು ಸೆಕೆಂಡಿಗೆ 4,110 ಅಡಿ ವೇಗದಲ್ಲಿ ಎಸೆಯುತ್ತದೆಂದು ಹೆಸರಾಯಿತು. ನಳಿಗೆ ತಿನ್ನುತ್ತದೆಂಬ ಅಪಖ್ಯಾತಿಯೂ ಬೆನ್ನಿಗೇ ಬಂತು. .308ರ ನಳಿಗೆ ಅದಕ್ಕೆ ಹೋಲಿಸಿದರೆ ಬಹುಕಾಲ ಬಾಳುತ್ತದೆ. ಹೆಗಲಿಗೆ ಬೀಳುವ ಒದೆತದ ಬಗ್ಗೆ ಇಷ್ಟು ಸಾಕು: ಹಗುರ ರೈಫಲ್ಲಿಗೆ ಭಾರಿ ಮ್ಯಾಗ್ನಮ್ ಕಟ್ಟಿಸಿಕೊಂಡವರು ಅದನ್ನು ಹೆಚ್ಚು ಹಾರಿಸುವುದಿಲ್ಲ, ಹಾರಿಸದ ಕೋವಿಯಲ್ಲಿ ಗುರಿ ಪಳಗುವುದಿಲ್ಲ.

ಆಕ್ಲಿಯ ಪ್ರಯೋಗಗಳು

ಕಾರ್ಖಾನೆ ಮಾಡದ, ಕಸುಬಿನವರು ತಾವೇ ಕೇಸಿನ ಆಕಾರ ಬದಲಿಸಿ ರೂಪಿಸಿದ ತೋಟಾಗಳನ್ನು ಅಮೆರಿಕದಲ್ಲಿ ವೈಲ್ಡ್‌ಕ್ಯಾಟ್ ಎನ್ನುತ್ತಾರೆ. .22-250 ಮೂವತ್ತರ ದಶಕದಿಂದ ಹೀಗೆ ಅಲೆದು 1965ರಲ್ಲಿ ರೆಮಿಂಗ್ಟನ್ನಿನ ಪಟ್ಟಿ ಸೇರಿತು; .25-06 ಅರ್ಧ ಶತಮಾನ ಕಾದು 1969ರಲ್ಲಿ ಸೇರಿತು. ಈ ಲೋಕದ ದೊಡ್ಡ ಹೆಸರು ಪಿ. ಓ. ಆಕ್ಲಿ (1903–1989). ಟ್ರಿನಿಡಾಡಿನ ಶಾಲೆಯಲ್ಲಿ ಪಾಠ ಹೇಳಿದ ಅವರು ಕೇಸಿನ ಮೈಯ ಇಳಿಜಾರನ್ನು ನೆಟ್ಟಗೆ ಮಾಡಿ, ಭುಜವನ್ನು 40 ಡಿಗ್ರಿಗೆ ಏರಿಸಿದ ಚೇಂಬರುಗಳಿಂದ ಹೆಸರಾದರು. ಇದರ ಜಾಣತನವೆಂದರೆ, ಮೂಲ ತೋಟಾವನ್ನೇ ಆ ಚೇಂಬರಿನಲ್ಲಿ ಹಾರಿಸಬಹುದು. ಹಾರಿದ ಕೇಸು ಹೊಸ ಆಕಾರಕ್ಕೆ ಹಿಗ್ಗಿ ಹೊರಬರುತ್ತದೆ. ದೂರದ ಊರಿನಲ್ಲಿ ತೋಟಾ ಮುಗಿದರೂ ಅಂಗಡಿಯ ಪೆಟ್ಟಿಗೆ ಸಾಕು.

ಆಕ್ಲಿಯವರ ಇನ್ನೊಂದು ಕೆಲಸ ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡದು. ಅವರು ಸೈನ್ಯದ ಹಳೆಯ ಆ್ಯಕ್ಷನ್‌ಗಳನ್ನು ಒಡೆಯುವವರೆಗೂ ಪರೀಕ್ಷಿಸಿದರು. ಯುದ್ಧದಲ್ಲಿ ಸೋತ ದೇಶದ ಸರಕೆಂದು ಜನ ಮೂಗು ಮುರಿಯುತ್ತಿದ್ದ ಜಪಾನಿನ ಅರಿಸಾಕಾ, ಆ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿತು. ಗುಮಾನಿಯ ಜಾಗದಲ್ಲಿ ಪುರಾವೆಯನ್ನು ತಂದಿಟ್ಟ ಇಂಥ ಶ್ರಮದಿಂದಲೇ ಈ ಕಸುಬು ವಿದ್ಯೆಯಾಯಿತು. ಕಲಿಯುವವರು ಮೊದಲ ರೈಫಲ್ಲನ್ನೇ ವೈಲ್ಡ್‌ಕ್ಯಾಟಿಗೆ ಕಟ್ಟಲು ಹೊರಡುವುದು ಮಾತ್ರ ಆ ವಿದ್ಯೆಗೆ ಒಪ್ಪುವಂಥದ್ದಲ್ಲ. ಆಕ್ಲಿಯವರು ಅಲ್ಲಿಗೆ ಮುಟ್ಟಿದ್ದು ನೂರಾರು ಸಾಧಾರಣ ನಳಿಗೆಗಳನ್ನು ಕೂರಿಸಿದ ಮೇಲೆ.

ಭಾರತದ ನೆಲದಲ್ಲಿ

ತೋಟಾದ ಆಯ್ಕೆಯನ್ನು ಕಾನೂನು ಮತ್ತು ಹವೆ ಎರಡೂ ನಿರ್ಧರಿಸಿದ ದೇಶ ನಮ್ಮದು. 1898ರಲ್ಲಿ ಜಾನ್ ರಿಗ್ಬಿ ತಂದ .450 ನೈಟ್ರೋ ಎಕ್ಸ್‌ಪ್ರೆಸ್ ಆನೆ, ಕಾಟಿಗಳ ಬೇಟೆಗೆ ಹೇಳಿಮಾಡಿಸಿದಂತಿತ್ತು. ಆದರೆ ಮಾರ್ಟಿನಿ-ಹೆನ್ರಿ ಎಂಬ ಸೈನ್ಯದ ರೈಫಲ್ ಕೂಡ ಅದೇ ವ್ಯಾಸದ್ದು. ಆ ಗುಂಡುಗಳು ದಂಗೆಕೋರರ ಕೈ ಸೇರಬಾರದೆಂದು ಬ್ರಿಟಿಷರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಭಾರತ ಮತ್ತು ಸುಡಾನಿನಲ್ಲಿ .450ಯನ್ನು ನಿಷೇಧಿಸಿದರು. ಲಂಡನ್ನಿನ ಕೋವಿ ಮನೆಗಳು ಕೂಡಲೇ .465, .470, .475ರ ಕಡೆ ತಿರುಗಿದವು. ಬೇಟೆಗೆ ಯಾವ ಹೆಚ್ಚಿನ ಪ್ರಯೋಜನವೂ ಇಲ್ಲದೆ ಒಂದು ಗುಂಪು ತೋಟಾಗಳು ಬೆಳೆದದ್ದು ಹೀಗೆ. ಹವೆಯದು ಇನ್ನೊಂದು ಕತೆ. ಆಗಿನ ಕಾರ್ಡೈಟ್ ಮದ್ದು ಬಿಸಿಲಿಗೆ ಕಾಯ್ದರೆ ಒತ್ತಡ ಏರುತ್ತಿತ್ತು. ಅದಕ್ಕೆಂದೇ 1911ರ .416 ರಿಗ್ಬಿಯ ಕೇಸು ಅಷ್ಟು ದೊಡ್ಡದು, ಒತ್ತಡ ಅಷ್ಟು ಕಡಿಮೆ: ಬೇಸಿಗೆಯ ಕಾಡಿನಲ್ಲೂ ಖಾಲಿ ತೋಟಾ ಚೇಂಬರಿನಲ್ಲಿ ಕಚ್ಚಿಕೊಳ್ಳಬಾರದು.

ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಜಿಮ್ ಕಾರ್ಬೆಟ್ ಅವರಿಗೆ 1907ರಲ್ಲಿ ಕೊಟ್ಟ ರಿಗ್ಬಿ ರೈಫಲ್ .275ರದು, ಅದು 7×57 ಮೌಸರಿಗೆ ಇಂಗ್ಲಿಷರು ಇಟ್ಟ ಹೆಸರಷ್ಟೇ. ಬೆಂಗಳೂರಿನ ಕೆನೆತ್ ಆಂಡರ್ಸನ್ ಅವರ ಕೈಯಲ್ಲಿದ್ದದ್ದು .405 ವಿಂಚೆಸ್ಟರ್, 1895ರ ಮಾದರಿ. ಪೂರ್ಣಚಂದ್ರ ತೇಜಸ್ವಿಯವರ ಮೂಲಕ ಆಂಡರ್ಸನ್ನರ ಕಾಡಿನ ಕತೆಗಳನ್ನು ಓದಿದ ಕನ್ನಡಿಗರಿಗೆ ಆ ಕೋವಿ ಅಪರಿಚಿತವಲ್ಲ. 1972ರ ವನ್ಯಜೀವಿ ಕಾಯ್ದೆಯೊಂದಿಗೆ ಬೇಟೆ ಮುಗಿಯಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಕೋವಿ ತಯಾರಿಸುವುದು ಅಪರಾಧ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ, ಕಟ್ಟುವುದಕ್ಕಲ್ಲ. ಸೈನ್ಯದ ತೋಟಾ ಜನರಿಗೆ ಸಿಗಬಾರದೆಂಬ ಬ್ರಿಟಿಷ್ ನಿಯಮದಿಂದ ಹುಟ್ಟಿದ .315 ತೋಟಾ ಆದರೂ ಉಳಿಯಿತು. ಅದರ ಮೂಲ ಆಸ್ಟ್ರಿಯದ 8×50 ಮಾನ್ಲಿಖರ್. ಹುಟ್ಟಿದ ಕಡೆ ಬಹುತೇಕ ಮರೆಯಾದ ಆ ತೋಟಾವನ್ನು ನಮ್ಮ ಸರ್ಕಾರಿ ಕಾರ್ಖಾನೆಗಳು ಪರವಾನಗಿದಾರರಿಗಾಗಿ ಮಾಡುತ್ತ ಬಂದಿವೆ.

ತೋಟಾ ಬದಲಾದರೆ ಕೋವಿಯಲ್ಲಿ ಏನೇನು ಬದಲಾಗಬೇಕು ಎಂಬುದಕ್ಕೆ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯ 2ಎ ಮಾದರಿಗಿಂತ ಸ್ಪಷ್ಟ ಉದಾಹರಣೆ ಸಿಗಲಾರದು. 1962ರ ಚೀನಾ ಯುದ್ಧದ ಬಳಿಕ ಅಲ್ಲಿನ ಎಂಜಿನಿಯರುಗಳು .303ರ ಲೀ-ಎನ್‌ಫೀಲ್ಡ್ ರೈಫಲ್ಲನ್ನು 7.62×51ಕ್ಕೆ ಹೊಂದಿಸಲು ಕೂತರು. ಒತ್ತಡ ಹೆಚ್ಚಾದ್ದರಿಂದ ರಿಸೀವರಿಗೆ ಬೇರೆ ಗಟ್ಟಿ ಉಕ್ಕು ಬೇಕಾಯಿತು. ತಳದ ಅಂಚು ಹೋದದ್ದರಿಂದ ಎಕ್ಸ್‌ಟ್ರ್ಯಾಕ್ಟರು ಬದಲಾಯಿತು. ಹತ್ತು ತೋಟಾ ಹಿಡಿಯುತ್ತಿದ್ದ ಇಳಿಜಾರು ಮ್ಯಾಗಜಿನ್ ಹೋಗಿ ಹನ್ನೆರಡರ ಚೌಕ ಪೆಟ್ಟಿಗೆ ಬಂತು. ಮುಂದಿನ 2ಎ1 ಮಾದರಿಯಲ್ಲಿ 2,000 ಮೀಟರಿನವರೆಗೆ ಗುರುತಿದ್ದ ಗುರಿಪಟ್ಟಿಯನ್ನು 800ಕ್ಕೆ ಇಳಿಸಿದರು.